ಉಸಿರು ನಿಂತು ಬದುಕಿದವರ ಮೆದುಳು: ಇಇಜಿ ಏನು ಹೇಳುತ್ತದೆ?

ನೀರಿನಲ್ಲಿ ಮುಳುಗಿದವರು, ಹೃದಯ ನಿಂತು ಮತ್ತೆ ಬಡಿಯತೊಡಗಿದವರು ಜೀವ ಉಳಿದರೂ ಕೆಲವೊಮ್ಮೆ ಕಣ್ಣು ತೆರೆಯುವುದಿಲ್ಲ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿನ ಜೀವಕೋಶಗಳಿಗೆ ಹಾನಿ ಶುರುವಾಗುತ್ತದೆ. ಹೊಳೆ, ಕೆರೆ, ಮಳೆಗಾಲದಲ್ಲಿ ನೀರು ತುಂಬುವ ಕೆಂಪುಕಲ್ಲಿನ ಕೋರೆಗಳಿರುವ ಕಾಸರಗೋಡಿನವರಿಗೆ ಇದು ದೂರದ ವಿಷಯವಲ್ಲ. ಇಂಥ ರೋಗಿಯನ್ನು ನಮ್ಮಲ್ಲಿ ಅನೇಕರು ತಲಪಾಡಿ ದಾಟಿಸಿ ಮಂಗಳೂರಿಗೆ ಒಯ್ಯುತ್ತಾರೆ. ಅಲ್ಲಿ ಐಸಿಯು ಹೊರಗೆ ಕಾಯುವ ಮನೆಯವರ ಕಿವಿಗೆ ಬೀಳುವ ಒಂದು ಹೆಸರು ಇಇಜಿ.

ಇಇಜಿ ಎಂದರೆ ಮೆದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ. ಮನುಷ್ಯರಲ್ಲಿ ಇದನ್ನು ಮೊದಲು ದಾಖಲಿಸಿದವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ತಲೆಗೆ ಸುಮಾರು 20 ಎಲೆಕ್ಟ್ರೋಡ್‌ಗಳನ್ನು ಅಂಟಿಸುತ್ತಾರೆ. ಯಂತ್ರವು ಕರೆಂಟು ಕೊಡುವುದಿಲ್ಲ, ನೋವಾಗುವುದಿಲ್ಲ. (ಮನೆಗೆ ಬಂದ ಮೇಲೆ ಮತ್ತೆ ಪರೀಕ್ಷೆಗೆ ಹೋಗುವ ದಿನ ತಲೆಗೆ ತೆಂಗಿನೆಣ್ಣೆ ಹಚ್ಚಬೇಡಿ, ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ.)

ಕೈಕಾಲು ಅಲುಗದಿದ್ದರೂ ಮೆದುಳಿನೊಳಗೆ ಫಿಟ್ಸ್ ನಡೆಯುತ್ತಿರಬಹುದು. ಅದನ್ನು ಕಾಣಲು ಇಇಜಿ ಬೇಕೇ ಬೇಕು. ಅರ್ಧ ಗಂಟೆಯ ದಾಖಲೆಯಲ್ಲಿ ಅದು ತಪ್ಪಿಹೋಗಬಹುದಾದ್ದರಿಂದ ಸೌಲಭ್ಯವಿರುವಲ್ಲಿ ಇಡೀ ದಿನ ನಿಗಾ ಇಡುತ್ತಾರೆ. ಮುಂದೆ ಎಚ್ಚರವಾದೀತೇ ಎಂಬ ಅಂದಾಜಿಗೂ ಇದು ನೆರವಾಗುತ್ತದೆ. ಅಲೆಗಳು ಎಡೆಬಿಡದೆ ಬರುತ್ತಿದ್ದು, ಹೆಸರು ಕರೆದಾಗ, ಚಪ್ಪಾಳೆ ತಟ್ಟಿದಾಗ, ಚಿವುಟಿದಾಗ ಬದಲಾದರೆ ಒಳ್ಳೆಯ ಲಕ್ಷಣ. ಮನೆಮಾತಿನಲ್ಲಿ ಮನೆಯವರೇ ಕರೆಯಬಹುದೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಮೊದಲ ದಿನ ಕಳೆದ ಮೇಲೂ ಗೆರೆ ಬಹುತೇಕ ಸಪಾಟಾಗಿದ್ದರೆ, ಅಥವಾ ಸಪಾಟು ಗೆರೆಯ ನಡುವೆ ಆಗಾಗ ಅಲೆಗಳು ಒಮ್ಮೆಲೇ ಎದ್ದು ಮತ್ತೆ ಅಡಗುತ್ತಿದ್ದರೆ ಚಿಂತೆಗೆ ಕಾರಣವಿದೆ.

ಆದರೆ ನಿದ್ರೆ ಬರಿಸುವ ಔಷಧಿಯೂ ಅದೇ ಗೆರೆ ಮೂಡಿಸಬಲ್ಲುದು. ಹೃದಯ ನಿಂತು ಬದುಕಿದವರ ಬಗ್ಗೆ ಯುರೋಪಿನ ತಜ್ಞರು 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಎಚ್ಚರವಿಲ್ಲದ ರೋಗಿಯ ಭವಿಷ್ಯ ಹೇಳಲು ಕನಿಷ್ಠ 72 ಗಂಟೆ ಕಾಯಬೇಕು. ಕಣ್ಣಿನ ಪಾಪೆ, ಸ್ಕ್ಯಾನ್, ರಕ್ತಪರೀಕ್ಷೆಗಳನ್ನೂ ಜೊತೆಗಿಟ್ಟು ನೋಡಬೇಕು. ಆದ್ದರಿಂದ ವರದಿ ಕೈಗೆ ಬಂದಾಗ ವೈದ್ಯರನ್ನು ಕೇಳಿ: ಘಟನೆಯಾಗಿ ಎಷ್ಟು ಗಂಟೆಗೆ ತೆಗೆದದ್ದು? ಆಗ ನಿದ್ರೆಯ ಔಷಧಿ ಇತ್ತೇ? ಮತ್ತೆ ಯಾವಾಗ ತೆಗೆಯುತ್ತೀರಿ?

ಮೆದುಳು ಸಾವು ಮತ್ತು ದೀರ್ಘಕಾಲದ ಪ್ರಜ್ಞಾಹೀನತೆ ಒಂದೇ ಅಲ್ಲ. ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ದುಷ್ಕರ್ಮಿಯೊಬ್ಬ ಅವರ ಕುತ್ತಿಗೆಗೆ ಸರಪಳಿ ಬಿಗಿದಾಗ ಮೆದುಳಿಗೆ ಆಮ್ಲಜನಕ ತಪ್ಪಿತು. ಅವರು ಸ್ವಂತವಾಗಿ ಉಸಿರಾಡುತ್ತಿದ್ದರು; ಹಾಗಾಗಿ ಮೆದುಳು ಸತ್ತಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಸಹೋದ್ಯೋಗಿ ನರ್ಸ್‌ಗಳ ಆರೈಕೆಯಲ್ಲಿ ಅವರು 2015ರ ಮೇ 18ರವರೆಗೆ ಬದುಕಿದ್ದರು.

ಚೇತರಿಕೆ ತಿಂಗಳುಗಟ್ಟಲೆ ಎಳೆಯಬಹುದು. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ದಾರಿ ಎಷ್ಟು ಅನಿಶ್ಚಿತವೆಂದು ಕಂಡಿದ್ದೇವೆ. ಬಿಡುಗಡೆಯ ದಿನ ಇಇಜಿ ವರದಿ, ಸ್ಕ್ಯಾನ್ ಸಿಡಿ, ಫಿಟ್ಸ್ ಔಷಧಿಗಳ ಪಟ್ಟಿ ಇಷ್ಟನ್ನು ಕೇಳಿ ಪಡೆದು, ಒಂದು ಪ್ರತಿಯನ್ನು ಊರಿನ ವೈದ್ಯರಲ್ಲಿ ಕೊಟ್ಟಿಡಿ.