ಶಿಕಾರಿಪುರ–ಸೊರಬ ಶಾಸನಗಳ ಕನ್ನಡದ ಧ್ವನಿವ್ಯವಸ್ಥೆ

ಶಿಕಾರಿಪುರ–ಸೊರಬ ಶಾಸನಗಳ ಕನ್ನಡದ ಧ್ವನಿವ್ಯವಸ್ಥೆ ಎಂಬುದು ಶಿವಮೊಗ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಶಿಲಾಲೇಖಗಳಿಂದ ತಿಳಿದುಬರುವ ಹಳಗನ್ನಡದ ಧ್ವನಿಗಳ ಸ್ವರೂಪ ಮತ್ತು ಅವುಗಳ ಪರಿವರ್ತನೆಯ ಚರಿತ್ರೆ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರದ, 8ನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳು ಸೇರಿವೆ. ಬಳ್ಳಿಗಾವೆ, ತಾಳಗುಂದ, ಕುಪ್ಪಟೂರು, ಉದ್ರಿ ಇವು ಮುಖ್ಯ ನೆಲೆಗಳು.

ಆಕರಗಳು

ತಾಳಗುಂದದ ಪ್ರಸಿದ್ಧ ಸ್ತಂಭಶಾಸನ ಸಂಸ್ಕೃತದಲ್ಲಿರುವುದರಿಂದ ಈ ವಿಷಯಕ್ಕೆ ಅದರ ನೆರವು ಅಲ್ಪ. ಅಲ್ಲಿಯ ಪ್ರಣವೇಶ್ವರ ದೇವಾಲಯದ ಬಳಿ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಭಾರತೀಯ ಪುರಾತತ್ತ್ವ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದೆ. ಈ ಕಾಲನಿರ್ಣಯವನ್ನು ಒಪ್ಪಿದರೆ ಅದು ಹಲ್ಮಿಡಿ ಶಾಸನಕ್ಕಿಂತ (ಸು. 450) ಹಳೆಯದಾಗುತ್ತದೆ.

ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲ್ಲೂಕಿನವೇ. ಆದರೆ ವಚನಗಳ ಓಲೆಪ್ರತಿಗಳು ಬಹುಪಾಲು ನಂತರದ ಶತಮಾನಗಳವು. ಅವುಗಳಲ್ಲಿ ಕಾಣುವ ಹಕಾರ ವಚನಕಾರರದೋ ಲಿಪಿಕಾರರದೋ ಎಂದು ಹೇಳುವುದು ಕಷ್ಟ. ಕಲ್ಲಿನ ಬರಹವನ್ನು ಮರುಪ್ರತಿ ಮಾಡುವಾಗ ತಿದ್ದುವ ಸಂದರ್ಭವಿಲ್ಲ. ಹನ್ನೆರಡನೆಯ ಶತಮಾನದ ಉಚ್ಚಾರಣೆಯನ್ನು ಅರಿಯಲು ಅದೇ ಊರುಗಳ ಶಾಸನಗಳಿಗೆ ಬೆಲೆ ಬರುವುದು ಇದರಿಂದ.

ಲುಪ್ತವಾದ ವ್ಯಂಜನಗಳು

ಹಳಗನ್ನಡದಲ್ಲಿ ರ, ಳಗಳಲ್ಲದೆ ಱ (ಶಕಟರೇಫ) ಮತ್ತು ೞ (ರಳ) ಎಂಬ ಬೇರೆ ಧ್ವನಿಗಳಿದ್ದವು. ಇವು ಅರ್ಥಭೇದಕ: ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ, ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ೞ ತಮಿಳು, ಮಲಯಾಳಗಳಲ್ಲಿ ಇಂದಿಗೂ ಉಳಿದಿದೆ. ಕನ್ನಡದಲ್ಲಿ ಅದು ಸ್ವರದ ಮುಂದೆ ಳಕಾರವಾಯಿತು (ಏೞು > ಏಳು). ವ್ಯಂಜನದ ಮುಂದೆ ಮೊದಲು ರಕಾರವಾಗಿ, ಬಳಿಕ ಪರವ್ಯಂಜನದೊಡನೆ ಸಮರೂಪ ಹೊಂದಿತು. ಗೞ್ದೆ > ಗರ್ದೆ > ಗದ್ದೆ ಇದಕ್ಕೆ ಉತ್ತಮ ನಿದರ್ಶನ. ಭೂದಾನಗಳನ್ನು ದಾಖಲಿಸುವ ಶಾಸನಗಳಲ್ಲಿ ಗದ್ದೆಯ ಉಲ್ಲೇಖ ಸಹಜವಾದುದರಿಂದ ಈ ಪದ ಸಂಶೋಧಕರಿಗೆ ಬಹಳ ಉಪಯುಕ್ತ. ಹದಿಮೂರನೆಯ ಶತಮಾನದ ಕೇಶಿರಾಜ ರಳ, ಕುಳ, ಕ್ಷಳಗಳನ್ನು ವಿಂಗಡಿಸಿ ಹೇಳಬೇಕಾಯಿತು ಎಂಬುದೇ ಆ ವೇಳೆಗೆ ಬಳಕೆಯಲ್ಲಿ ಗೊಂದಲವಿದ್ದುದನ್ನು ಸೂಚಿಸುತ್ತದೆ.

ಪಕಾರ–ಹಕಾರ

ಪದಾದಿಯ ಪಕಾರ ಸುಮಾರು ಹತ್ತನೆಯ ಶತಮಾನದಿಂದ ಹಕಾರವಾಗತೊಡಗಿತು: ಪಾಲ್ > ಹಾಲು, ಪಳ್ಳಿ > ಹಳ್ಳಿ. ಈ ಸೀಮೆಯ ಆಡಳಿತನಾಮ ‘ಬನವಾಸಿ ಪನ್ನಿರ್ಚ್ಛಾಸಿರ’ದ ಪೂರ್ವಪದ ಇಂದು ‘ಹನ್ನೆರಡು’. ಆಡುಮಾತು ಬದಲಾದ ಮೇಲೂ ಪದ್ಯಭಾಗದಲ್ಲಿ ಪಕಾರವನ್ನು ಉಳಿಸಿಕೊಳ್ಳುವ ಸಂಪ್ರದಾಯವಿತ್ತು. ಆದ್ದರಿಂದ ಒಂದು ಶಾಸನದಲ್ಲಿ ಪಕಾರವಿದೆಯೆಂದ ಮಾತ್ರಕ್ಕೆ ಅದು ಪ್ರಾಚೀನವೆನ್ನಲಾಗದು. ಪದಾಂತ್ಯ ವ್ಯಂಜನಗಳಿಗೆ ಉಕಾರ ಸೇರುವುದು (ಕಣ್ > ಕಣ್ಣು) ಇನ್ನೊಂದು ಮುಖ್ಯ ಪರಿವರ್ತನೆ.

ಸ್ಥಳನಾಮಗಳು

ಶಾಸನಗಳ ಸ್ಥಾಣಗುಂದೂರು, ತಾಣಗುಂದೂರು ಇಂದಿನ ತಾಳಗುಂದ; ಇಲ್ಲಿ ಪದಾದಿಯ ಒತ್ತಕ್ಷರ ಸರಳವಾಗಿದೆ, ಣಕಾರ ಳಕಾರವಾಗಿದೆ. ಸೊರಬ ಎಂಬುದು ‘ಸುರಭಿ’ಯಿಂದ ಬಂದಿದೆಯೆಂಬುದು ಸ್ಥಳೀಯ ಐತಿಹ್ಯ. ಉದ್ಧರೆ ಇಂದು ಉದ್ರಿಯಾಗಿದ್ದು, ಮಹಾಪ್ರಾಣವೂ ನಡುವಣ ಸ್ವರವೂ ಲೋಪಗೊಂಡಿವೆ.