ಮುಸ್ಲಿಮನಾದರೆ ಇಂಗ್ಲಿಷಿನವನಲ್ಲವೇ?



"ನೀವು ಮುಸ್ಲಿಮರು, ಆದರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡುತ್ತೀರಿ!" ಸಾಲಗಾಮೆಯ ನಮ್ಮ ಮಕ್ಕಳು ಈ ಮಾತು ಕೇಳುತ್ತಲೇ ಬೆಳೆಯುತ್ತಾರೆ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲದಿರಬಹುದು. ಆದರೆ ಆ 'ಆದರೂ' ಮಗುವಿನ ಎದೆಯಲ್ಲಿ ಉಳಿದುಬಿಡುತ್ತದೆ. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಮುಸ್ಲಿಮರೂ ಇಂಥದೇ ಮಾತು ಎದುರಿಸಿದ್ದರು.

ಲಿವರ್‌ಪೂಲ್ ನಗರದ ವಕೀಲ ವಿಲಿಯಂ ಕ್ವಿಲಿಯಂ ಮೊರಾಕೊ ದೇಶಕ್ಕೆ ಹೋಗಿ ಬಂದ ಮೇಲೆ 1887ರಲ್ಲಿ ಇಸ್ಲಾಂ ಸ್ವೀಕರಿಸಿ ಅಬ್ದುಲ್ಲಾ ಆದರು. 1889ರಲ್ಲಿ ಅಲ್ಲೊಂದು ಮಸೀದಿ ತೆರೆದರು. ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ಆದರೂ ಅಝಾನ್ ಕೊಡುವವರ ಮೇಲೆ ಕಲ್ಲು ಬಿದ್ದವು. ಹಳೆಯ ಇಂಗ್ಲಿಷಿನಲ್ಲಿ ಮುಸ್ಲಿಮನಾಗುವುದಕ್ಕೆ 'ಟರ್ಕ್ ಆಗುವುದು' ಎಂದೇ ಹೇಳುತ್ತಿದ್ದರು. ನಮ್ಮ ಕನ್ನಡದ 'ತುರುಕ' ಪದವೂ ಅದೇ ಮೂಲದ್ದು. ಎರಡು ಭಾಷೆಗಳೂ ಧರ್ಮವನ್ನು ಜನಾಂಗವೆಂದು ಭಾವಿಸಿದವು.

ಇಂಗ್ಲಿಷರಾದರೂ ಒಂದೇ ರಕ್ತದವರೇ? 5ನೇ ಶತಮಾನದಿಂದ ಆಂಗ್ಲರು, ಸ್ಯಾಕ್ಸನ್ನರು ಕಡಲು ದಾಟಿ ಬಂದರು. ನಂತರ ಡೇನರು, 1066ರಲ್ಲಿ ನಾರ್ಮನ್ನರು ಬಂದರು. ಇಂಗ್ಲೆಂಡ್ ಎಂಬ ಹೆಸರೇ ಹೊರಗಿನಿಂದ ಬಂದವರದು. ಕೂಡಿ ಬಾಳಿದವರೆಲ್ಲ ಇಂಗ್ಲಿಷರಾದರು.

ಪಾದ್ರಿಯೊಬ್ಬರ ಮಗ ಮರ್ಮಡ್ಯೂಕ್ ಪಿಕ್ತಾಲ್ 1917ರಲ್ಲಿ ಬಹಿರಂಗವಾಗಿ ಇಸ್ಲಾಂ ಘೋಷಿಸಿದರು. ಮುಂದೆ ನಿಜಾಮರ ಹೈದರಾಬಾದಿನಲ್ಲಿ ಶಾಲಾ ಮುಖ್ಯೋಪಾಧ್ಯಾಯರಾದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. 1930ರಲ್ಲಿ ಅವರ ಕುರ್‌ಆನ್ ಅನುವಾದ ಪ್ರಕಟವಾಯಿತು. ಅವರು ತಾಯ್ನುಡಿಯನ್ನು ಬಿಡಲಿಲ್ಲ, ಅದನ್ನೇ ದೀನಿನ ಸೇವೆಗೆ ಹಚ್ಚಿದರು.

ನಮ್ಮಲ್ಲಿಯೂ ಶಿಶುನಾಳ ಶರೀಫರಿದ್ದರು, 'ನಿತ್ಯೋತ್ಸವ'ದ ನಿಸಾರ್ ಅಹಮದರಿದ್ದರು. ನಮ್ಮ ಹಾಸನದ ಬಾನು ಮುಷ್ತಾಕರ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದೇ ವರ್ಷ ಅವರು ಮೈಸೂರು ದಸರಾ ಉದ್ಘಾಟಿಸುವುದಕ್ಕೆ ಆಕ್ಷೇಪಣೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ವಜಾ ಆಯಿತು. ಅವರ ಎಲ್ಲ ವಿಚಾರಗಳನ್ನು ಒಪ್ಪದವರು ನಮ್ಮಲ್ಲೂ ಇದ್ದಾರೆ. ಆದರೆ ಅವರ ಕನ್ನಡವನ್ನು ಯಾರೂ ಅಲ್ಲಗಳೆಯಲಾರರು.

ನಮ್ಮ ತಪ್ಪೂ ಇದೆ. ಮನೆಯಲ್ಲಿ ದಖನಿ ಮಾತಾಡುವ ನಾವು ಕೆಲವೊಮ್ಮೆ "ಕನ್ನಡ ಅವರದು, ಉರ್ದು ನಮ್ಮದು" ಎನ್ನುತ್ತೇವೆ. ಹಾಗೆಂದ ದಿನ ಆ 'ಆದರೂ'ಗೆ ನಾವೇ ಬಾಗಿಲು ತೆರೆದಂತೆ. ಭಾಷೆ, ಬಣ್ಣಗಳ ವೈವಿಧ್ಯ ತನ್ನ ದೃಷ್ಟಾಂತಗಳಲ್ಲೊಂದೆಂದು ಅಲ್ಲಾಹನು ಸೂರಃ ರೂಮ್‌ನಲ್ಲಿ (30:22) ತಿಳಿಸಿದ್ದಾನೆ. ಪ್ರತಿ ಪ್ರವಾದಿಯೂ ತನ್ನ ಜನರ ಭಾಷೆಯಲ್ಲೇ ಬಂದರೆಂದು ಸೂರಃ ಇಬ್ರಾಹೀಮ್ (14:4) ಹೇಳುತ್ತದೆ. ಜನಾಂಗಗಳಿರುವುದು ಪರಸ್ಪರ ಅರಿಯಲಿಕ್ಕೆ. ಗೌರವವಿರುವುದು ತಕ್ವಾದಲ್ಲಿ (49:13).

ಈ ವಾರ ಮಕ್ಕಳಿಂದ ಖುತ್ಬಾದ ಸಾರಾಂಶವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿಸೋಣ. ಉರ್ದುವೂ ಇರಲಿ, ಅರಬಿಯೂ ಇರಲಿ, ಕನ್ನಡ ನಮ್ಮದೇ ಆಗಿರಲಿ. ಅಲ್ಲಾಹನು ನಮ್ಮ ನಾಲಿಗೆಗೆ ಸತ್ಯವನ್ನೂ ನಮ್ಮ ನೆರೆಹೊರೆಗೆ ಪ್ರೀತಿಯನ್ನೂ ಕರುಣಿಸಲಿ. ಆಮೀನ್.