ಮಗುವಿಗೆ ಮದ್ದು ಎಷ್ಟು?

ಥಾಮಸ್ ಯಂಗ್ ಎಂದೊಡನೆ ನಿಮಗೆ ನೆನಪಾಗುವುದು ಬೆಳಕಿನ ವ್ಯತಿಕರಣ ಪ್ರಯೋಗ. ಯಂಗ್ ಗುಣಾಂಕದ ಬಗ್ಗೆಯೂ ಪಾಠದಲ್ಲಿ ಓದಿರುತ್ತೀರಿ. ಆದರೆ ಯಂಗ್ (1773–1829) ವೃತ್ತಿಯಿಂದ ವೈದ್ಯ. ಮಕ್ಕಳ ಔಷಧದ ಪ್ರಮಾಣವನ್ನು ಲೆಕ್ಕಹಾಕಲೂ ಆತ 1813ರಲ್ಲಿ ಒಂದು ಸೂತ್ರ ಕೊಟ್ಟಿದ್ದ.

ಸೂತ್ರ ಸರಳ. ಮಗುವಿನ ವಯಸ್ಸಿಗೆ 12 ಕೂಡಿಸಿ. ಬಂದ ಮೊತ್ತದಿಂದ ವಯಸ್ಸನ್ನು ಭಾಗಿಸಿ. ನಾಲ್ಕು ವರ್ಷದ ಮಗುವಿಗೆ 4/16, ಅಂದರೆ ದೊಡ್ಡವರ ಪ್ರಮಾಣದ ಕಾಲು ಭಾಗ. ಆದರೆ ಇಂದೇ ಹುಟ್ಟಿದ ಮಗುವಿಗೆ? ವಯಸ್ಸು ಸೊನ್ನೆ, ಔಷಧವೂ ಸೊನ್ನೆ! ಒಂದೇ ವಯಸ್ಸಿನ ಬಡಕಲು ಮಗುವಿಗೂ ದಷ್ಟಪುಷ್ಟ ಮಗುವಿಗೂ ಉತ್ತರ ಒಂದೇ. ಈ ಕೊರತೆಯನ್ನು ನೀಗುವಂತಿದ್ದುದು ಕ್ಲಾರ್ಕ್ ಸೂತ್ರ. ಅದು ಪೌಂಡುಗಳಲ್ಲಿನ ತೂಕವನ್ನು 150ರಿಂದ ಭಾಗಿಸುತ್ತದೆ.

ಹಾಗಾದರೆ ತೂಕ ಗೊತ್ತಿದ್ದರೆ ಸಾಕೆ? ಸಾಲದು ಎಂಬುದನ್ನು ವೈದ್ಯಲೋಕ ಬಲು ದುಬಾರಿ ಬೆಲೆ ತೆತ್ತು ಕಲಿಯಿತು. 1950ರ ದಶಕದಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಸೋಂಕು ತಗಲದಿರಲೆಂದು ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೈವಿಕವನ್ನು ಕೊಡಲಾಗುತ್ತಿತ್ತು. ಕೆಲವು ಶಿಶುಗಳ ಹೊಟ್ಟೆ ಉಬ್ಬಿ, ಚರ್ಮ ಬೂದುಬಣ್ಣಕ್ಕೆ ತಿರುಗಿ, ಅವು ಸತ್ತುಹೋದವು. ಈ ಔಷಧವನ್ನು ಪಡೆದ ಶಿಶುಗಳಲ್ಲಿ ಸಾವು ಬಹಳ ಹೆಚ್ಚು ಎಂದು 1959ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಕಾರಣವೇನು? ಈ ಔಷಧವನ್ನು ಮಾರ್ಪಡಿಸಿ ಹೊರಹಾಕಲು ಬೇಕಾದ ಕಿಣ್ವ ನವಜಾತ ಶಿಶುವಿನ ಯಕೃತ್ತಿನಲ್ಲಿ ಸಾಕಷ್ಟು ಇರುವುದಿಲ್ಲ. ಮೂತ್ರಪಿಂಡಗಳೂ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಔಷಧ ರಕ್ತದಲ್ಲೇ ಶೇಖರವಾಗುತ್ತದೆ.

ಇದರಿಂದ ದೊರೆತ ಪಾಠ ಇದು: ಮಗುವೆಂದರೆ ದೊಡ್ಡವರ ಚಿಕ್ಕ ನಕಲಲ್ಲ. ಆದ್ದರಿಂದ ಇಂದು ಒಂದೊಂದು ಔಷಧಕ್ಕೂ, ವಯಸ್ಸಿಗೆ ತಕ್ಕಂತೆ, ಪ್ರತಿ ಕಿಲೋಗ್ರಾಂ ತೂಕಕ್ಕೆ ಇಷ್ಟರಿಂದ ಇಷ್ಟರವರೆಗೆ ಎಂಬ ಸುರಕ್ಷಿತ ಮಿತಿಯಿದೆ. ವೈದ್ಯರು ಬರೆದುಕೊಟ್ಟ ಪ್ರಮಾಣ ಆ ಮಿತಿಯೊಳಗಿದೆಯೇ ಎಂದು ದಾದಿ ಮತ್ತೆ ಲೆಕ್ಕಹಾಕಿ ನೋಡುತ್ತಾರೆ.

ನೀವೂ ಒಂದು ಲೆಕ್ಕ ಮಾಡಿ. ಪ್ಯಾರಸಿಟಮಾಲ್‌ನ ಪ್ರಮಾಣ ಒಂದು ಸಲಕ್ಕೆ ಪ್ರತಿ ಕಿಲೋಗ್ರಾಂಗೆ 10ರಿಂದ 15 ಮಿಲಿಗ್ರಾಂ. 10 ಕಿಲೋಗ್ರಾಂ ತೂಕದ ಮಗುವಿಗೆ 100ರಿಂದ 150 ಮಿಲಿಗ್ರಾಂ. 150 ಮಿಲಿಗ್ರಾಂ ಎಂದು ಬರೆದಿದ್ದರೆ ಅದು ಮಿತಿಯೊಳಗಿದೆ. ಸಿರಪ್ಪಿನ 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಔಷಧವಿದ್ದರೆ 6 ಮಿಲಿಲೀಟರ್ ಕೊಡಬೇಕು. ಅಷ್ಟರಲ್ಲೇ 250 ಮಿಲಿಗ್ರಾಂ ಇದ್ದರೆ 3 ಮಿಲಿಲೀಟರ್ ಸಾಕು. ಸೀಸೆಯ ಮೇಲಿನ ಚೀಟಿ ಓದದೆ ಕೊಟ್ಟರೆ ಪ್ರಮಾಣ ಇಮ್ಮಡಿಯಾದೀತು! ದಶಾಂಶ ಬಿಂದು ಒಂದು ಸ್ಥಾನ ಜರುಗಿದರಂತೂ ಹತ್ತು ಪಟ್ಟು. ಅದಕ್ಕೇ ಅಪಾಯಕಾರಿ ಔಷಧಗಳ ಲೆಕ್ಕವನ್ನು ಇಬ್ಬರು ದಾದಿಯರು ಬೇರೆಬೇರೆಯಾಗಿ ಮಾಡಿ, ಉತ್ತರಗಳನ್ನು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಮದ್ದು ಕೊಡುವ ಮೊದಲು ವೈದ್ಯರನ್ನು ಕೇಳುತ್ತಾರೆ.

ಮನೆಯಲ್ಲಿ ಮಗುವಿಗೆ ಸಿರಪ್ ಕೊಡುವಾಗ ನೀವೂ ಅಡುಗೆಮನೆಯ ಚಮಚವನ್ನು ಬದಿಗಿಟ್ಟು, ಗೆರೆಗಳಿರುವ ಅಳತೆಯ ಮುಚ್ಚಳವನ್ನೇ ಬಳಸಿ. ವೈದ್ಯರ ಬಳಿ ಹೋದಾಗ ಮಗುವಿನ ಈಗಿನ ತೂಕವನ್ನು ಹೇಳಲು ಮರೆಯದಿರಿ.